ರಿಜಿಸ್ಟರ್ ನಿಜ ಹೇಳಲಿ ಬಿಡಿ

“ಮೊದಲು ಖಾಲಿ ಹುದ್ದೆ ತುಂಬಿಸಿ, ಆಮೇಲೆ ಗುಣಮಟ್ಟದ ಮಾತಾಡಿ.” ಜಿಲ್ಲಾ ಆರೋಗ್ಯ ಇಲಾಖೆಯಲ್ಲಿ ಗುಣಮಟ್ಟ ಸುಧಾರಣೆ ದಿನನಿತ್ಯದ ರೂಢಿಯಾಗಬೇಕು ಎಂದು ನಾನು ವಾದಿಸಿದಾಗಲೆಲ್ಲ ಎದುರಾದ ಆಕ್ಷೇಪಗಳಲ್ಲಿ ಇದೇ ದೊಡ್ಡದು. ಇದರ ಬೆನ್ನಿಗೇ ಇನ್ನಷ್ಟು ಬಂದವು. ಇದು ಕಾರ್ಖಾನೆಯಿಂದ ಎರವಲು ತಂದ ವಿದ್ಯೆ. ಕಾಗದದ ಕೆಲಸ ಹೆಚ್ಚಿಸುತ್ತದೆ. ಸಂಶೋಧನೆಯೇ ಇದು ಫಲ ಕೊಡದು ಎಂದು ತೋರಿಸಿದೆ. ಸರ್ಕಾರಿ ನೌಕರರಿಗೆ ಬೇಕಾದದ್ದು ಶಿಸ್ತು, ಸಂಸ್ಕೃತಿಯಲ್ಲ. ಸಾಹೇಬರು ವರ್ಗವಾದ ಮರುದಿನ ಎಲ್ಲ ಯಥಾಪ್ರಕಾರ. ಹೀಗೆ ಹೇಳಿದವರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ (ಪಿಎಚ್‌ಸಿ) ವೈದ್ಯರಿದ್ದಾರೆ, ಸಿಸ್ಟರ್‌ಗಳಿದ್ದಾರೆ, ನೌಕರರ ಸಂಘದವರಿದ್ದಾರೆ, ನಿವೃತ್ತ ಜಿಲ್ಲಾ ಆರೋಗ್ಯಾಧಿಕಾರಿಗಳೂ (ಡಿಎಚ್‌ಒ) ಇದ್ದಾರೆ. ಯಾರೂ ಹೊರಗೆ ನಿಂತು ಕಲ್ಲು ಹೊಡೆಯುವವರಲ್ಲ, ಇಲಾಖೆಯೊಳಗೇ ಸವೆದವರು. ಹಾಗಾಗಿ ಒಟ್ಟಾರೆ ತಳ್ಳಿಹಾಕದೆ ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ.

ಹುದ್ದೆಗಳ ಮಾತು ನಿಜ. ಬಯಲು ಸೀಮೆಯಲ್ಲಿ 30 ಸಾವಿರ ಜನಕ್ಕೊಂದು, ಗುಡ್ಡಗಾಡಿನಲ್ಲಿ 20 ಸಾವಿರಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ನಿಯಮ. ಆ ಕೇಂದ್ರದಲ್ಲಿ ಯಾರ್‍ಯಾರು ಇರಬೇಕು ಎಂಬ ಪಟ್ಟಿಯೂ ಇದೆ. ಪಟ್ಟಿಯಲ್ಲಿರುವ ಲ್ಯಾಬ್ ಟೆಕ್ನಿಷಿಯನ್ ಸೋಮವಾರ ಒಂದು ಕೇಂದ್ರದಲ್ಲಿ, ಮಂಗಳವಾರ ಇನ್ನೊಂದರಲ್ಲಿ. ಫಾರ್ಮಸಿ ಅಧಿಕಾರಿ ನಿಯೋಜನೆಯ ಮೇಲೆ ತಾಲ್ಲೂಕು ಕಚೇರಿಯಲ್ಲಿ. ಸ್ವಚ್ಛತೆಯವರು ಹೊರಗುತ್ತಿಗೆ, ಸಂಬಳ ಬಾಕಿ. ಇದನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇಲ್ಲ. ನನ್ನ ತಕರಾರು ಇರುವುದು ಆ ವಾಕ್ಯದಲ್ಲಿರುವ “ಮೊದಲು” ಮತ್ತು “ಆಮೇಲೆ”ಗಳ ಬಗ್ಗೆ. ಇರುವ ಒಬ್ಬ ಸಿಸ್ಟರ್ ದಿನದ ಎಂಟು ಗಂಟೆಯನ್ನು ಎಲ್ಲಿ ಸುರಿಯುತ್ತಿದ್ದಾರೆ ಎಂದು ಯಾರಾದರೂ ನೋಡಿದ್ದೇವೆಯೇ?

ಬಿಪಿ ಮಾತ್ರೆಯನ್ನೇ ತೆಗೆದುಕೊಳ್ಳಿ. ಒಂದು ಕೇಂದ್ರದಲ್ಲಿ ರಕ್ತದೊತ್ತಡಕ್ಕೆ ನೋಂದಾಯಿಸಿಕೊಂಡವರು 200 ಮಂದಿ ಎಂದಿಟ್ಟುಕೊಳ್ಳೋಣ. ಅಲ್ಲಿ ಒಂದು ಸಲಕ್ಕೆ ಹತ್ತು ದಿನದ ಮಾತ್ರೆ ಕೊಡುವ ವಾಡಿಕೆಯಿದ್ದರೆ ತಿಂಗಳಿಗೆ 600 ಭೇಟಿ. ಪ್ರತಿ ಭೇಟಿಗೂ ಒಪಿಡಿ ಚೀಟಿ, ಸಾಲು, ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವುದು, ಡಾಕ್ಟರ ಸಹಿ, ಔಷಧದ ಕಿಟಕಿ, ರಿಜಿಸ್ಟರ್, ಕೊನೆಗೆ ಪೋರ್ಟಲ್. ಇದೇ ಮಾತ್ರೆಯನ್ನು ಮೂವತ್ತು ದಿನಕ್ಕೆ ಕೊಟ್ಟರೆ ಭೇಟಿಗಳು 200. ಬಿಪಿ ಹತೋಟಿಯಲ್ಲಿರುವವರಿಗೆ ತಿಂಗಳಿಗಾಗುವಷ್ಟು ಮಾತ್ರೆ ಒಮ್ಮೆಲೇ ಕೊಡಿ ಎಂಬುದು ಹೊಸ ಸಲಹೆಯೇನಲ್ಲ. 2017ರಲ್ಲಿ ಆರಂಭವಾದ ಭಾರತೀಯ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಅದನ್ನೇ ಹೇಳುತ್ತ ಬಂದಿದೆ. ಹಾಗಾದರೆ ಹತ್ತು ದಿನ ಏಕೆ ಎಂದು ಕೇಳಿದರೆ ಸಿಗುವ ಉತ್ತರ “ಮೊದಲಿಂದಲೂ ಹೀಗೇ.” ಹಿಂದೆಂದೋ ಸ್ಟಾಕ್ ಕಡಿಮೆಯಿದ್ದ ಕಾಲದಲ್ಲಿ ಯಾರೋ ಮಾಡಿದ ಏರ್ಪಾಡು ಪದ್ಧತಿಯಾಗಿ ಉಳಿದಿರುತ್ತದೆ. ಕೂಲಿಗೆ ಹೋಗುವ ಹೆಂಗಸು ತಿಂಗಳಿಗೆ ಮೂರು ದಿನದ ಕೂಲಿ ಬಿಟ್ಟು ಬರುವುದಿಲ್ಲ. ಮೊದಲ ಸಲ ಬರುತ್ತಾಳೆ, ಎರಡನೆಯದಕ್ಕೆ ಮಗನನ್ನು ಕಳಿಸುತ್ತಾಳೆ, ಮೂರನೆಯದು ತಪ್ಪುತ್ತದೆ. ನಾವು ಅವಳ ಹೆಸರಿನ ಮುಂದೆ “ಅಸಹಕಾರ” ಎಂದು ಬರೆಯುತ್ತೇವೆ.

ಗುಣಮಟ್ಟ ಸುಧಾರಣೆ ಎಂದರೆ ಬಹುಪಾಲು ಇಷ್ಟೇ. ಭೇಟಿಗೆ ತಪ್ಪಿಸಿಕೊಳ್ಳುವವರು ಎಷ್ಟು ಎಂದು ಎಣಿಸುವುದು, ಏಕೆ ಎಂದು ಹತ್ತು ಜನರನ್ನು ಕೇಳುವುದು, ಒಂದು ಉಪಕೇಂದ್ರದ ಹಳ್ಳಿಗಳವರಿಗೆ ಮಾತ್ರ ಮೂವತ್ತು ದಿನದ ಮಾತ್ರೆ ಕೊಟ್ಟು ನೋಡುವುದು, ಅದಕ್ಕೆ ತಕ್ಕ ಇಂಡೆಂಟನ್ನು ಮುಂಚಿತವಾಗಿ ಹಾಕುವುದು, ಎರಡು ತಿಂಗಳ ಮೇಲೆ ಮತ್ತೆ ಎಣಿಸುವುದು. ಸರಿಹೋದರೆ ಎಲ್ಲ ಕಡೆ, ಇಲ್ಲವಾದರೆ ಬೇರೆ ದಾರಿ. ಹುದ್ದೆ ತುಂಬುವವರೆಗೆ ಇದು ಬೇಡ ಎನ್ನುವವರು ಆ 400 ಅನಗತ್ಯ ಭೇಟಿಗಳ ಹೊರೆಯನ್ನು ಯಾರ ಹೆಗಲಿಗೆ ಹಾಕುತ್ತಿದ್ದಾರೆ? ಯಾರ ಪರವಾಗಿ ವಾದಿಸುತ್ತಿದ್ದಾರೋ ಅದೇ ಸಿಸ್ಟರ್ ಹೆಗಲಿಗೆ. ಜನ ಕಡಿಮೆಯಿರುವ ಕಡೆಯೇ ದಂಡದ ಕೆಲಸ ಮೊದಲು ಹೋಗಬೇಕು. ಇನ್ನೊಂದು ಮಾತು ಸಂಘದವರಿಗೆ: ಕೆಲಸದ ಹೊತ್ತಿನ ಲೆಕ್ಕ ಕೈಯಲ್ಲಿದ್ದರೆ ಹುದ್ದೆ ಕೇಳುವ ಮನವಿಗೆ ಬೇರೆಯೇ ತೂಕ ಬರುತ್ತದೆ. “ತುಂಬಾ ಕೆಲಸ” ಎಂಬ ಮಾತನ್ನು ಹಣಕಾಸು ಇಲಾಖೆ ಕೇಳಿ ಕೇಳಿ ಕಿವುಡಾಗಿದೆ.

ಕಾರ್ಖಾನೆಯ ವಿದ್ಯೆ ಎಂಬ ಆಕ್ಷೇಪಕ್ಕೆ ಹೆಚ್ಚು ಹೊತ್ತು ಬೇಡ. ನಿಯಂತ್ರಣ ನಕ್ಷೆಯನ್ನು 1924ರಲ್ಲಿ ರೂಪಿಸಿದ ವಾಲ್ಟರ್ ಶೂಹಾರ್ಟ್ ದೂರವಾಣಿ ಉಪಕರಣಗಳ ಕಂಪನಿಯಲ್ಲಿದ್ದವರು; ಅವರ ದಾರಿ ಹಿಡಿದ ಡೆಮಿಂಗ್ 1950ರಲ್ಲಿ ಜಪಾನಿನ ಉದ್ಯಮಿಗಳಿಗೆ ಪಾಠ ಹೇಳಿದರು. ಒಪ್ಪಿದೆ. ಆದರೆ ಶೂಹಾರ್ಟ್‌ಗೂ ಮುಕ್ಕಾಲು ಶತಮಾನ ಮೊದಲು, 1847ರಲ್ಲಿ, ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಟ್ಸ್ ಸೆಮ್ಮೆಲ್‌ವೈಸ್ ತಿಂಗಳು ತಿಂಗಳ ಸಾವಿನ ಲೆಕ್ಕವನ್ನು ಎದುರಿಗಿಟ್ಟುಕೊಂಡು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದ. ಆ ವರ್ಷದ ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ಶೇ 2ರ ಆಸುಪಾಸಿಗೆ ಇಳಿಯಿತು. ಹೀಗಿದ್ದೂ ಅವನ ಮಾತು ಆಸ್ಪತ್ರೆಗೆ ಹಿಡಿಸಲಿಲ್ಲ. ನಿಮ್ಮ ಕೈಯಿಂದಲೇ ಹೆಂಗಸರು ಸತ್ತರು ಎಂದು ಸಹೋದ್ಯೋಗಿಗಳ ಮುಖಕ್ಕೆ ಹೇಳಿದವನನ್ನು ಯಾರು ಸಹಿಸುತ್ತಾರೆ? ಗುಣಮಟ್ಟದ ವಿದ್ಯೆಯೂ ಅದಕ್ಕೆ ಬೇಕಾದ ಸಂಸ್ಕೃತಿಯ ಅಭಾವವೂ ಎರಡೂ ಹುಟ್ಟಿದ್ದು ಆಸ್ಪತ್ರೆಯಲ್ಲೇ.

ಅಷ್ಟು ದೂರ ಹೋಗುವುದೂ ಬೇಕಿಲ್ಲ. 1995ರಲ್ಲಿ ಪಲ್ಸ್ ಪೋಲಿಯೊ ಆರಂಭವಾದ ಮೇಲೆ ಇಲಾಖೆಗೆ ಸೇರಿದ ಯಾರನ್ನೇ ಕೇಳಿ, ಬಾಗಿಲ ಪಕ್ಕದ ಗೋಡೆಯ ಮೇಲಿನ ಸೀಮೆಸುಣ್ಣದ ಗುರುತಿನ ಬಗ್ಗೆ ಹೇಳುತ್ತಾರೆ. ಮನೆಯ ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ “ಪಿ”. ಒಂದು ಮಗು ಬಿಟ್ಟುಹೋಗಿದ್ದರೂ, ಬೀಗ ಹಾಕಿದ್ದರೂ, ಬೇಡವೆಂದರೂ “ಎಕ್ಸ್”. ಸಂಜೆ ಕೇಂದ್ರದಲ್ಲಿ ತಂಡಗಳು ಸೇರಿ ಎಕ್ಸ್ ಮನೆಗಳ ಪಟ್ಟಿ ಬಿಡಿಸುತ್ತಿದ್ದವು. ಇಟ್ಟಿಗೆ ಭಟ್ಟಿಯವರು ಬೆಳಿಗ್ಗೆ ಆರಕ್ಕೇ ಹೊರಡುತ್ತಾರೆ, ನಾಳೆ ಐದೂವರೆಗೆ ಹೋಗಿ. ಆ ಓಣಿಯಲ್ಲಿ ಮಸೀದಿಯ ಹಿರಿಯರನ್ನು ಜೊತೆಗೆ ಕರೆದುಕೊಳ್ಳಿ. ಮಗು ಅಜ್ಜಿ ಮನೆಗೆ ಹೋಗಿದೆಯೇ, ಯಾವ ಊರು ಕೇಳಿ ಬರೆದುಕೊಳ್ಳಿ. ಮರುದಿನದ ಯೋಜನೆ ಹಿಂದಿನ ದಿನದ ಎಕ್ಸ್‌ಗಳಿಂದ ಹುಟ್ಟುತ್ತಿತ್ತು.

ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು. ಎಕ್ಸ್ ಬರೆದವರನ್ನು ಯಾರೂ ಗದರಿಸುತ್ತಿರಲಿಲ್ಲ. ಮೇಲ್ವಿಚಾರಕರು ಮರಳಿ ಹೋಗಿ ಪರೀಕ್ಷಿಸುತ್ತಿದ್ದದ್ದು ಪಿ ಮನೆಗಳನ್ನು: ನಿಜವಾದ ಪಿಯೋ, ಸುಳ್ಳು ಪಿಯೋ? ಎಕ್ಸ್ ಒಂದೂ ಇಲ್ಲದ ತಂಡದ ಮೇಲೆಯೇ ಸಂಶಯ. “ಇಲ್ಲಿ ನನ್ನ ಕೆಲಸ ಮುಗಿದಿಲ್ಲ” ಎಂದು ನಡುಬೀದಿಯಲ್ಲಿ, ಎಲ್ಲರಿಗೂ ಕಾಣುವಂತೆ, ಸರ್ಕಾರಿ ನೌಕರರು ಬರೆದಿಟ್ಟರು. ಭಾರತದ ಕೊನೆಯ ಸಹಜ ಪೋಲಿಯೊ ಪ್ರಕರಣ ಹೌರಾ ಜಿಲ್ಲೆಯಲ್ಲಿ 2011ರ ಜನವರಿ 13ರಂದು ಕಾಣಿಸಿತು. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊಮುಕ್ತ ಎಂಬ ಮಾನ್ಯತೆ ಸಿಕ್ಕಿತು. ನಮ್ಮವರಿಗೆ ಈ ಸಂಸ್ಕೃತಿ ಒಗ್ಗುವುದಿಲ್ಲ ಎನ್ನುವವರು ತಮ್ಮದೇ ಇಲಾಖೆಯ ಅತಿ ದೊಡ್ಡ ಗೆಲುವನ್ನು ಮರೆತಿದ್ದಾರೆ.

ಇನ್ನು ಕಾಗದ. ಈ ಆಕ್ಷೇಪಕ್ಕೆ ನಾನು ಅರ್ಧಕ್ಕಿಂತ ಹೆಚ್ಚು ಶರಣಾಗುತ್ತೇನೆ. ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳು, ಎಲ್ಲರ ಬಾಯಲ್ಲಿ ಎನ್‌ಕ್ವಾಸ್, 2013ರಲ್ಲಿ ಬಂದವು. 2015ರಲ್ಲಿ ಸ್ವಚ್ಛತೆಯ ಬಹುಮಾನ ಕಾಯಕಲ್ಪ, 2017ರಲ್ಲಿ ಹೆರಿಗೆ ಕೋಣೆಗಳಿಗಾಗಿ ಲಕ್ಷ್ಯ. ಎನ್‌ಕ್ವಾಸ್‌ನಲ್ಲಿ ಎಂಟು ವಿಭಾಗ, ಪ್ರತಿಯೊಂದರೊಳಗೆ ಮಾನದಂಡ, ಅದರೊಳಗೆ ಅಳೆಯಬಹುದಾದ ಅಂಶ, ಅದರೊಳಗೆ ಚೆಕ್‌ಪಾಯಿಂಟ್. ಶೇ 70 ಅಂಕ ದಾಟಿದರೆ ಮೂರು ವರ್ಷದ ಪ್ರಮಾಣಪತ್ರ. ಮಾನದಂಡಗಳನ್ನು ಓದಿದರೆ ತಪ್ಪು ಹೇಳುವಂಥದ್ದು ಕಡಿಮೆ. ತಪ್ಪು ನಡೆಯುವುದು ತಂಡ ಬರುವ ಹದಿನೈದು ದಿನ ಮುಂಚೆ. ಗೋಡೆಗೆ ಬಣ್ಣ, ಬಾಗಿಲಿಗೆ ಬೋರ್ಡು, ಪಕ್ಕದ ಕೇಂದ್ರದಿಂದ ತಂದ ಮೂರು ಬಣ್ಣದ ಬಕೆಟ್ಟು, ನಡೆಯದ ಸಭೆಗಳಿಗೆ ನಡಾವಳಿ, ಒಬ್ಬರೇ ಕೂತು ಹಾಕಿದ ಹಲವರ ಸಹಿ. ತಂಡ ಹೊರಟ ಮೇಲೆ ಫೈಲುಗಳು ಕಪಾಟಿಗೆ, ಬಕೆಟ್ಟು ವಾಪಸ್. ಆರ್‌ಸಿಎಚ್, ಎಚ್‌ಎಂಐಎಸ್, ನಿಕ್ಷಯ್, ಐಎಚ್‌ಐಪಿ, ಯು-ವಿನ್, ಎನ್‌ಸಿಡಿ ಎಂದು ಒಂದೇ ಮೊಬೈಲಿನಲ್ಲಿ ಆರು ಪೋರ್ಟಲ್ ತುಂಬುವ ಸಿಸ್ಟರ್‌ಗೆ ಇದು ಏಳನೆಯ ಹೊರೆಯಾಗಿ ಕಂಡರೆ ಅದು ಅವರ ತಪ್ಪಲ್ಲ.

ಆದರೆ ಈ ಆಕ್ಷೇಪ ಯಾವುದನ್ನು ಹೊಡೆಯುತ್ತದೆ ಎಂದು ನೋಡಿ. ಅದು ಹೊಡೆಯುವುದು ಪ್ರಮಾಣಪತ್ರದ ಬೇಟೆಯನ್ನು. ನಾನು ಕೇಳುತ್ತಿರುವುದು ಅದನ್ನಲ್ಲ. ಹೊರಗಿನವರು ವರ್ಷಕ್ಕೊಮ್ಮೆ ಬಂದು ಅಂಕ ಹಾಕುವುದಕ್ಕೂ, ಒಳಗಿನವರು ವಾರಕ್ಕೊಮ್ಮೆ ತಮ್ಮದೇ ಒಂದು ಸಂಖ್ಯೆಯನ್ನು ನೋಡಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಒಂದು ಹಾಳೆ ಸಾಕು, ಅದನ್ನೂ ಗೋಡೆಗೆ ಅಂಟಿಸಬಹುದು. ಹೊಸ ರಿಜಿಸ್ಟರ್ ತರುವವರು ಹಳೆಯದೊಂದನ್ನು ಮುಚ್ಚಿಸಿದ ಮೇಲೆಯೇ ತರಬೇಕು ಎಂಬ ನಿಯಮ ಮಾಡಿದರೂ ನನಗೆ ಸಂತೋಷವೇ. ಕಾಯಕಲ್ಪದ ಬಹುಮಾನದ ಹಣದಲ್ಲಿ ಕಾಲು ಪಾಲು ಸಿಬ್ಬಂದಿಗೆ, ಉಳಿದದ್ದು ಕೇಂದ್ರದ ಸುಧಾರಣೆಗೆ ಎಂಬ ಏರ್ಪಾಡು ಒಳ್ಳೆಯದೇ. ಆ ಮುಕ್ಕಾಲು ಪಾಲು ಬಣ್ಣಕ್ಕೆ ಹೋಯಿತೋ, ಹೆರಿಗೆ ಕೋಣೆಯ ಕೈ ತೊಳೆಯುವ ನಲ್ಲಿಗೆ ಹೋಯಿತೋ ಎಂಬುದನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಕೇಳುವವರು ಬೇಕು.

ಸಂಶೋಧನೆಯ ಆಕ್ಷೇಪ ಎತ್ತಿದವರು ಓದಿಕೊಂಡವರು. ಅವರಿಗೆ ವಿವರವಾಗಿಯೇ ಉತ್ತರಿಸಬೇಕು. ಅವರು ಮುಂದಿಟ್ಟದ್ದು ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್‌ನ ಕಥೆಯನ್ನು. ಈ ಕಥೆ ಆರಂಭವಾಗುವುದು ನಮ್ಮ ರಾಜ್ಯದಲ್ಲಿ. 2010ರಲ್ಲಿ ಕರ್ನಾಟಕದ ತಾಲ್ಲೂಕು ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ ಇದರ ಮೊದಲ ಪ್ರಯೋಗ ನಡೆಯಿತು. ಹೆರಿಗೆಯ ಹೊತ್ತಿನಲ್ಲಿ ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ನಡೆಯುತ್ತಿದ್ದವು. ಚೆಕ್‌ಲಿಸ್ಟ್ ಬಂದ ಮೇಲೆ 25. ಎಲ್ಲರೂ ಬೆರಗಾದರು. ಆದರೆ ಅದು ಸಾವಿನ ಬಗ್ಗೆ ತೀರ್ಪು ಕೊಡುವಷ್ಟು ದೊಡ್ಡ ಅಧ್ಯಯನವಾಗಿರಲಿಲ್ಲ. ಆ ತೀರ್ಪಿಗಾಗಿ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ಬೆಟರ್‌ಬರ್ತ್ ಎಂಬ ದೊಡ್ಡ ಪ್ರಯೋಗ ಮಾಡಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆ. ಫಲಿತಾಂಶ 2017ರಲ್ಲಿ ಹೊರಬಿತ್ತು: ತಾಯಿ-ಮಗುವಿನ ಸಾವು ಮತ್ತು ತಾಯಿಯ ತೀವ್ರ ತೊಂದರೆ ಒಟ್ಟು ಸೇರಿ ಚೆಕ್‌ಲಿಸ್ಟ್ ಇದ್ದ ಕಡೆ ಶೇ 15.1, ಇಲ್ಲದ ಕಡೆ ಶೇ 15.3. ಅಂದರೆ ವ್ಯತ್ಯಾಸವೇ ಇಲ್ಲ.

“ಇಷ್ಟು ದೊಡ್ಡ ಪ್ರಯೋಗವೇ ಸೋತ ಮೇಲೆ ಇನ್ನೇನು?” ಎಂದು ಕೇಳುತ್ತಾರೆ. ಅದೇ ಅಧ್ಯಯನದ ಇನ್ನೆರಡು ಸಾಲು ಓದಿ. ಚೆಕ್‌ಲಿಸ್ಟ್ ಕೊಟ್ಟ ಕಡೆ ಪಕ್ಕದಲ್ಲಿ ನಿಂತು ಹೇಳಿಕೊಡುವ ಕೋಚ್‌ಗಳಿದ್ದರು; ಎರಡು ತಿಂಗಳಲ್ಲಿ ಅಗತ್ಯ ಕೆಲಸಗಳು ಸುಮಾರು ಶೇ 73ಕ್ಕೆ ಏರಿದ್ದವು, ಉಳಿದ ಕಡೆ ಶೇ 42. ಎಂಟು ತಿಂಗಳಿಗೆ ಕೋಚ್‌ಗಳು ಹೊರಟರು. ಹನ್ನೆರಡನೆಯ ತಿಂಗಳಲ್ಲಿ ನೋಡಿದರೆ ಶೇ 62ಕ್ಕೆ ಇಳಿದಿತ್ತು. ಹೊರಗಿನಿಂದ ಬಂದದ್ದರಲ್ಲಿ ಒಂದು ಪಾಲು ಹೊರಗಿನವರ ಜೊತೆಗೇ ಹೊರಟಿತ್ತು. ಜೊತೆಗೆ, ಚೆಕ್‌ಲಿಸ್ಟ್ ಎಷ್ಟೇ ಒಳ್ಳೆಯದಿರಲಿ, ರಕ್ತಸ್ರಾವವಾಗುತ್ತಿರುವ ಹೆಂಗಸಿಗೆ ರಕ್ತ ತಂದುಕೊಡುವುದಿಲ್ಲ. ಸಿಸೇರಿಯನ್ ಬೇಕಾದವಳಿಗೆ ಅರಿವಳಿಕೆ ತಜ್ಞರನ್ನು ಕರೆತರುವುದಿಲ್ಲ. ಆ ಪ್ರಯೋಗ ನಮಗೆ ಕಲಿಸಿದ್ದು, ಹಾಳೆಯೊಂದನ್ನು ಗೋಡೆಗೆ ಹಚ್ಚಿದರೆ ಜೀವ ಉಳಿಯುವುದಿಲ್ಲ ಎಂದು. ಇದನ್ನು ನನ್ನ ವಿರುದ್ಧ ಬಳಸುವವರು ಹಾಳೆಯನ್ನೂ ಅಭ್ಯಾಸವನ್ನೂ ಒಂದೇ ಎಂದುಕೊಂಡಿದ್ದಾರೆ. ಕೆಲಸದ ಕ್ರಮ ಸುಧಾರಿಸಿತು ಎಂದು ಬೀಗದೆ, ಸಾವು-ನೋವು ಇಳಿಯಿತೇ ಎಂದು ಕೇಳಿ, ಇಲ್ಲ ಎಂಬ ಉತ್ತರವನ್ನು ಮುಚ್ಚಿಡದೆ ಪ್ರಕಟಿಸಿದರಲ್ಲ, ಅದೂ ಗುಣಮಟ್ಟ ಸುಧಾರಣೆಯೇ. ನಮ್ಮ ಎಷ್ಟು ಯೋಜನೆಗಳ ಬಗ್ಗೆ ಹೀಗೆ ಕೇಳಿದ್ದೇವೆ?

ನಮ್ಮಲ್ಲೇ ಇನ್ನೊಂದು ದಾರಿಯನ್ನೂ ನೋಡಿದ್ದಾರೆ. ಬಳ್ಳಾರಿ ಮತ್ತು ಆಗಿನ ಗುಲ್ಬರ್ಗಾ ಜಿಲ್ಲೆಗಳ ಪಿಎಚ್‌ಸಿಗಳಲ್ಲಿ ಸುಕ್ಷೇಮ ಯೋಜನೆಯವರು ತಪಾಸಣಾ ತಂಡದ ಬದಲು ಮಾರ್ಗದರ್ಶಕ ನರ್ಸ್‌ಗಳನ್ನು ಕಳಿಸಿದರು. ನರ್ಸ್ ನರ್ಸ್‌ಗೇ ಹೇಳಿಕೊಡುವುದು, ಹೆರಿಗೆ ಕೋಣೆಯಲ್ಲೇ ನಿಂತು, ಕೇಸ್‌ಶೀಟನ್ನು ಜೊತೆಗೇ ಓದಿ. ಬರೀ ತರಬೇತಿ ಕೊಟ್ಟು ಕಳಿಸಿದ ಕೇಂದ್ರಗಳಿಗಿಂತ ಇಲ್ಲಿನ ಸಿಬ್ಬಂದಿಯ ಜ್ಞಾನವೂ ಕೇಂದ್ರದ ಸಿದ್ಧತೆಯೂ ಮೇಲಿದ್ದವು. ಸಾಹೇಬರು ಬಂದಾಗ ಬಾಯಿ ಬಿಡದ ಸಿಸ್ಟರ್, ತನ್ನಂಥದೇ ಬಿಳಿ ಕೋಟಿನ ಇನ್ನೊಬ್ಬ ಹೆಂಗಸಿನ ಮುಂದೆ “ನನಗೆ ಪಾರ್ಟೋಗ್ರಾಫ್ ತುಂಬಲು ಸರಿಯಾಗಿ ಬರುವುದಿಲ್ಲ” ಎನ್ನಬಲ್ಲಳು. ಇದು ಎಲ್ಲ ಹೆರಿಗೆ ಕೋಣೆಗೂ ಗೊತ್ತಿರುವ ಸಂಗತಿ.

ಈಗ ಶಿಸ್ತಿನ ವಾದ. ಉಳಿದೆಲ್ಲ ಆಕ್ಷೇಪಗಳ ಬೇರು ಇಲ್ಲೇ ಇದೆ ಎಂದು ನನ್ನ ಅನಿಸಿಕೆ. “ನಾಲ್ಕು ಜನರಿಗೆ ಕಾರಣ ಕೇಳಿ ನೋಟಿಸ್, ಒಬ್ಬರಿಗೆ ಅಮಾನತು, ತಾನಾಗಿ ಸರಿಹೋಗುತ್ತದೆ” ಎಂದು ಒಬ್ಬ ನಿವೃತ್ತ ಅಧಿಕಾರಿ ಹೇಳುತ್ತಾರೆ. ಗೈರುಹಾಜರಿ, ಹೆರಿಗೆ ಕೋಣೆಯ ಲಂಚ, ಕುಡಿದು ಡ್ಯೂಟಿಗೆ ಬರುವುದು, ಇವುಗಳಿಗೆ ಅಮಾನತೇ ಮದ್ದು, ಅದರಲ್ಲಿ ನನಗೂ ಅವರಿಗೂ ಭಿನ್ನಾಭಿಪ್ರಾಯವಿಲ್ಲ. ಲಂಚ ತೆಗೆದುಕೊಂಡವರ ಜೊತೆ ಕೂತು ಮೂಲಕಾರಣ ಹುಡುಕುವ ಅಗತ್ಯವಿಲ್ಲ, ಲೋಕಾಯುಕ್ತಕ್ಕೆ ಬರೆದರೆ ಸಾಕು. ಆದರೆ ಅದೇ ಮದ್ದನ್ನು ಎಲ್ಲ ಕಾಯಿಲೆಗೂ ಕೊಟ್ಟರೆ ಏನಾಗುತ್ತದೆ?

ಲಸಿಕೆಯ ಶೀತಪೆಟ್ಟಿಗೆ ಐಎಲ್‌ಆರ್ ಪಕ್ಕದಲ್ಲಿ ನೇತುಹಾಕಿದ ಉಷ್ಣಾಂಶದ ಪುಸ್ತಕವನ್ನು ತೆಗೆದು ನೋಡಿ. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಭಾನುವಾರವೂ ಹಬ್ಬದ ದಿನವೂ ಸೇರಿ, ಥರ್ಮಾಮೀಟರ್ ನೋಡಿ ಬರೆಯಬೇಕು. ಎಷ್ಟೋ ಪುಸ್ತಕಗಳಲ್ಲಿ ಇಡೀ ತಿಂಗಳು 4, 4, 4, 4. ಒಂದೇ ಪೆನ್ನು, ಒಂದೇ ಓರೆ, ಕೊನೆಕೊನೆಗೆ ಬೇಸರ ಬಂದು ಅಕ್ಷರ ಹಿಗ್ಗಿದ್ದೂ ಕಾಣುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟು ಊರಿಗೇ ಕರೆಂಟ್ ಇಲ್ಲದ ದಿನವೂ 4. ಮುಚ್ಚಳ ತೆರೆಯದಿದ್ದರೆ ಐಎಲ್‌ಆರ್ ಬಹಳ ಹೊತ್ತು ತಣ್ಣಗಿರುತ್ತದೆ, ನಿಜ. ಆದರೆ ಯಾವ ಪೆಟ್ಟಿಗೆಯೂ ಒಂದೇ ಅಂಕಿಗೆ ಕಟ್ಟುಬಿದ್ದು ನಿಲ್ಲುವುದಿಲ್ಲ.

ಬರೆದವರು ಸುಳ್ಳುಗಾರರೇ? ಅಲ್ಲ. 9 ಎಂದು ಬರೆದವರಿಗೆ ಮಾಸಿಕ ಸಭೆಯಲ್ಲಿ ಏನಾಯಿತು ಎಂದು ಅವರು ಕಣ್ಣಾರೆ ಕಂಡಿದ್ದಾರೆ. ಸ್ಟೆಬಿಲೈಜರ್ ಕೆಟ್ಟಿದೆ ಎಂದು ಮೂರು ಸಲ ಪತ್ರ ಬರೆದದ್ದು ಯಾರಿಗೂ ನೆನಪಿರಲಿಲ್ಲ. 9 ಬರೆದದ್ದು ಎಲ್ಲರ ಕಣ್ಣಿಗೂ ಬಿತ್ತು. ಹಾಗಾಗಿ 4. ಬಿಸಿಗಿಂತ ದೊಡ್ಡ ಅಪಾಯ ಇನ್ನೊಂದು ಕಡೆ ಇದೆ. ಪೆಂಟಾವ್ಯಾಲೆಂಟ್, ಹೆಪಟೈಟಿಸ್ ಬಿ, ಟಿಡಿ ಲಸಿಕೆಗಳು ಹೆಪ್ಪುಗಟ್ಟಿದರೆ ಕೆಟ್ಟವು. ರಾತ್ರಿ ಥರ್ಮೋಸ್ಟಾಟ್ ಕೈಕೊಟ್ಟು ಸೊನ್ನೆಗಿಂತ ಕೆಳಗಿಳಿದು, ಬೆಳಿಗ್ಗೆ ಮತ್ತೆ ಸರಿಹೋದರೆ ಪುಸ್ತಕದಲ್ಲಿ 4. ಆ ಬಾಟಲಿ ಗುರುವಾರ ಯಾವುದೋ ಅಂಗನವಾಡಿಯಲ್ಲಿ ಯಾವುದೋ ಮಗುವಿನ ತೊಡೆಗೆ ಹೋಗುತ್ತದೆ. ಮಗು ಅತ್ತಿತು, ತಾಯಿ ಕಾರ್ಡಿನಲ್ಲಿ ತಾರೀಖು ಬಿತ್ತು, ಪೋರ್ಟಲ್‌ನಲ್ಲಿ ಗುರಿ ಸಾಧನೆಯಾಯಿತು, ರಕ್ಷಣೆ ಮಾತ್ರ ಸಿಗಲಿಲ್ಲ. ಇದನ್ನು ಯಾವ ನೋಟಿಸ್ ಹಿಡಿಯುತ್ತದೆ? ನೋಟಿಸಿನ ಭಯವೇ ಇದನ್ನು ಹುಟ್ಟಿಸಿದ್ದು.

ಈಗ ಉಷ್ಣಾಂಶವನ್ನು ಯಂತ್ರವೇ ಅಳೆದು ಸಂದೇಶ ಕಳಿಸುವ ಇ-ವಿನ್ ಬಂದಿದೆಯಲ್ಲ ಎನ್ನಬಹುದು. ಬರಲಿ, ಒಳ್ಳೆಯದು. ಯಂತ್ರ “ಸೊನ್ನೆಗಿಳಿದಿದೆ” ಎಂದು ಕೂಗುತ್ತದೆ. ಬೆಳಿಗ್ಗೆ ಬಂದು ಬಾಟಲಿ ಅಲ್ಲಾಡಿಸಿ ಪರೀಕ್ಷೆ ಮಾಡಿ, “ಇಷ್ಟನ್ನು ಪಕ್ಕಕ್ಕಿಟ್ಟಿದ್ದೇನೆ, ಬೇರೆ ಕೊಡಿ” ಎಂದು ತಾಲ್ಲೂಕು ಆರೋಗ್ಯಾಧಿಕಾರಿಗೆ ಫೋನ್ ಮಾಡಬೇಕಾದವರು ಮನುಷ್ಯರೇ. ಇಷ್ಟು ಲಸಿಕೆ ಹಾಳಾದದ್ದಕ್ಕೆ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ ಎಂಬ ಭಯವಿದ್ದರೆ ಆ ಫೋನ್ ಹೋಗುವುದಿಲ್ಲ.

ಇದೇ ಭಯ ದೊಡ್ಡ ಪ್ರಮಾಣದಲ್ಲಿ ಕೂತಿರುವುದು ತಾಯಿ ಮರಣ ಪರಿಶೀಲನೆಯ ಸಭೆಯಲ್ಲಿ. ಪ್ರತಿ ತಾಯಿಯ ಸಾವನ್ನೂ ಪರಿಶೀಲಿಸಬೇಕು ಎಂದು ಕೇಂದ್ರದ ಮಾರ್ಗಸೂಚಿ 2010ರಲ್ಲಿ ಬಂತು, 2017ರಲ್ಲಿ ಪರಿಷ್ಕಾರವಾಯಿತು. ಯಾರನ್ನೂ ದೂರುವುದು ಇದರ ಉದ್ದೇಶವಲ್ಲ ಎಂದು ಅದರಲ್ಲೇ ಇದೆ. ಸಭೆಯಲ್ಲಿ ನಡೆಯುವುದು ವಿಚಾರಣೆ. ಆಶಾ ಕಾರ್ಯಕರ್ತೆ ಪಿಎಚ್‌ಸಿಯತ್ತ ಬೆರಳು ತೋರಿಸುತ್ತಾರೆ, ಪಿಎಚ್‌ಸಿ ತಾಲ್ಲೂಕು ಆಸ್ಪತ್ರೆಯತ್ತ, ಅದು ಆಂಬುಲೆನ್ಸ್‌ನತ್ತ. ಕೊನೆಗೆ “ರೋಗಿ ತಡವಾಗಿ ಬಂದರು” ಎಂದು ಸತ್ತವಳ ಮೇಲೆಯೇ ಹೊರಿಸಿ ಎಲ್ಲರೂ ಏಳುತ್ತಾರೆ. ಪಕ್ಕದ ಕೇರಳದಲ್ಲಿ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ಗೋಪ್ಯ ಪರಿಶೀಲನೆ ನಡೆಸುತ್ತಿದೆ. ಆಸ್ಪತ್ರೆಯ ಹೆಸರು, ವೈದ್ಯರ ಹೆಸರು, ತೀರಿಕೊಂಡವಳ ಹೆಸರು ಎಲ್ಲ ಅಳಿಸಿದ ಕೇಸ್‌ಶೀಟನ್ನು ತಜ್ಞರು ಓದುತ್ತಾರೆ. ಎಲ್ಲಿ ತಡವಾಯಿತು, ಯಾವುದು ತಪ್ಪಿಸಬಹುದಿತ್ತು ಎಂದು ಬರೆಯುತ್ತಾರೆ. ಹೆರಿಗೆಯ ನಂತರದ ರಕ್ತಸ್ರಾವ ಮುಂದೆ ಬಂದು ನಿಂತಿತು, ಅದಕ್ಕೆ ಗುಣಮಟ್ಟದ ನಿಯಮಗಳು ಹುಟ್ಟಿದವು. ಲಕ್ಷ ಜೀವಂತ ಜನನಕ್ಕೆ ತಾಯಿ ಮರಣ ಕೇರಳದಲ್ಲಿ 2010-12ರಲ್ಲಿ 66 ಇದ್ದದ್ದು 2018-20ರಲ್ಲಿ 19ಕ್ಕೆ ಬಂತು. ಕರ್ನಾಟಕದಲ್ಲಿ ಅದೇ ಅವಧಿಯಲ್ಲಿ 144ರಿಂದ 69. ನಮ್ಮ ಇಳಿಕೆಯೂ ಸಣ್ಣದಲ್ಲ, ಕೇರಳದ ಇಳಿಕೆಗೆ ಇದೊಂದೇ ಕಾರಣವೂ ಅಲ್ಲ. ಆದರೆ 69ರಿಂದ ಮುಂದಿನ ಇಳಿಕೆ ಆಸ್ಪತ್ರೆಗೆ ಕರೆತರುವುದರಿಂದ ಆಗುವುದಿಲ್ಲ, ಕರೆತಂದ ಮೇಲೆ ಒಳಗೆ ಏನು ನಡೆಯುತ್ತದೆ ಎಂಬುದರಿಂದ ಆಗಬೇಕು. ಅದನ್ನು ಒಳಗಿನವರು ಬಾಯಿ ಬಿಟ್ಟು ಹೇಳಿದರೆ ಮಾತ್ರ ಗೊತ್ತಾಗುತ್ತದೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಒಬ್ಬರ ಹಿಂದೊಬ್ಬರಂತೆ ಐವರು ತೀರಿಕೊಂಡರು. ಸಂಶಯ ಹೋದದ್ದು ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ. ತನಿಖೆ, ಅಮಾನತು, ಪ್ರತಿಭಟನೆ, ಸದನದಲ್ಲಿ ಗದ್ದಲ, ಎಲ್ಲ ಆಯಿತು, ಆಗಬೇಕಾದದ್ದೇ. ಕಳಪೆ ಔಷಧ ಪೂರೈಸಿದವರು ತಪ್ಪಿಸಿಕೊಳ್ಳಬಾರದು. ಆದರೆ ಶಿಸ್ತಿನ ವಾದಿಗಳು ಕೇಳದ ಪ್ರಶ್ನೆ ಒಂದಿದೆ. ರಾಜ್ಯದ ಯಾವುದೇ ವಾರ್ಡಿನಲ್ಲಿ ಡ್ರಿಪ್ ಹಾಕಿದ ಅರ್ಧ ಗಂಟೆಗೆ ಒಬ್ಬ ಬಾಣಂತಿಗೆ ನಡುಕ ಬಂದರೆ, ಸ್ಟಾಫ್ ನರ್ಸ್ ಅದನ್ನು ಎಲ್ಲಿ ಬರೆಯುತ್ತಾರೆ? ಬಾಟಲಿಯ ಬ್ಯಾಚ್ ಸಂಖ್ಯೆ ಕೇಸ್‌ಶೀಟಿನಲ್ಲಿ ಇರುತ್ತದೆಯೇ? ಬರೆದದ್ದು ಎಷ್ಟು ಗಂಟೆಯಲ್ಲಿ ಜಿಲ್ಲಾ ಉಗ್ರಾಣಕ್ಕೆ ಮುಟ್ಟುತ್ತದೆ, ಅಲ್ಲಿಂದ ಎಷ್ಟು ಗಂಟೆಯಲ್ಲಿ ಉಳಿದ ತಾಲ್ಲೂಕುಗಳಲ್ಲಿ ಆ ಬ್ಯಾಚ್ ನಿಲ್ಲುತ್ತದೆ? ಈ ಗಂಟೆಗಳನ್ನು ಅಳೆದು ಕಡಿಮೆ ಮಾಡುವುದು ಅಮಾನತು ಆದೇಶದಿಂದ ಆಗುವ ಕೆಲಸವಲ್ಲ. ಮೊದಲ ನಡುಕವನ್ನು ವರದಿ ಮಾಡಿದ ನರ್ಸ್‌ಗೆ “ಡ್ರಿಪ್ ಹಾಕಿದ್ದು ನೀವೇ ತಾನೆ?” ಎಂಬ ಪ್ರಶ್ನೆ ಎದುರಾಗುತ್ತಿರುವವರೆಗೆ ಎರಡನೆಯ ನಡುಕದ ವರದಿ ಬರುವುದಿಲ್ಲ.

ಉಳಿದದ್ದು ವರ್ಗಾವಣೆ. ಉತ್ಸಾಹಿ ಡಿಎಚ್‌ಒ ಬಂದರೆ ಎರಡು ವರ್ಷ ಎಲ್ಲ ನಡೆಯುತ್ತದೆ, ಅವರು ಹೋದರೆ ಗೋಡೆಯ ಹಾಳೆಯೂ ಹೋಗುತ್ತದೆ ಎನ್ನುತ್ತಾರೆ. ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಬಂದ ಹೊಸಬರು ಎಲ್ಲರೆದುರು ಒಬ್ಬ ಸಿಸ್ಟರನ್ನು ಅಂಕಿ ಹಿಡಿದು ಬೈದರೆ ಎರಡು ವರ್ಷದ ಕೆಲಸ ಎರಡು ನಿಮಿಷದಲ್ಲಿ ಹೋಗುತ್ತದೆ, ಅದನ್ನು ತಡೆಯುವ ಯಂತ್ರ ಇನ್ನೂ ಬಂದಿಲ್ಲ. ಆದರೆ ಎಲ್ಲರೂ ವರ್ಗವಾಗುವುದಿಲ್ಲ. ಆಶಾ ಆ ಊರಿನವರೇ. ಗ್ರೂಪ್ ಡಿ ನೌಕರರು, ಗುತ್ತಿಗೆಯ ಲ್ಯಾಬ್ ಟೆಕ್ನಿಷಿಯನ್‌ಗಳು ಅದೇ ಕೇಂದ್ರದಲ್ಲಿ ಎಷ್ಟೋ ವೈದ್ಯರನ್ನು ಕಂಡಿರುತ್ತಾರೆ. ಸಂಖ್ಯೆ ಅವರ ಕೈಯಲ್ಲಿದ್ದರೆ ಸಾಹೇಬರ ಜೊತೆ ಹೋಗುವುದಿಲ್ಲ. ಸುಧಾರಣೆಯನ್ನು ಅಧಿಕಾರಿಯ ಹೆಸರಿನಲ್ಲಿ ಉದ್ಘಾಟಿಸುವುದನ್ನು ಬಿಟ್ಟರೆ ಅರ್ಧ ರೋಗ ಹೋಗುತ್ತದೆ.

ಇನ್ನರ್ಧಕ್ಕೆ ಒಂದು ಸಣ್ಣ ಏರ್ಪಾಡು ಸೂಚಿಸುತ್ತೇನೆ. ವೈದ್ಯಾಧಿಕಾರಿ ವರ್ಗವಾದಾಗ ಪ್ರಭಾರ ಹಸ್ತಾಂತರದ ಪಟ್ಟಿ ತಯಾರಾಗುತ್ತದೆ: ಬೀರು ಇಷ್ಟು, ಕುರ್ಚಿ ಇಷ್ಟು, ಬೀಗದ ಕೈ ಇಷ್ಟು, ನಗದು ಪುಸ್ತಕದ ಬಾಕಿ ಇಷ್ಟು. ಮುರಿದ ಸ್ಟೂಲಿಗೂ ಅದರಲ್ಲಿ ಒಂದು ಸಾಲಿದೆ. ಬಿಪಿ ಭೇಟಿ ತಪ್ಪಿಸುವವರ ಸಂಖ್ಯೆ ಎಷ್ಟಿತ್ತು, ಏನು ಮಾಡಿ ನೋಡಿದೆವು, ಯಾವುದು ಫಲಿಸಲಿಲ್ಲ, ಈಗ ಯಾವುದು ನಡೆಯುತ್ತಿದೆ ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ. ಆ ಪಟ್ಟಿಗೆ ಒಂದು ಪುಟ ಸೇರಿಸಿ, ಕೊಡುವವರೂ ತೆಗೆದುಕೊಳ್ಳುವವರೂ ಸಹಿ ಹಾಕಲಿ, ಕೇಂದ್ರದ ಹಿರಿಯ ಸಿಸ್ಟರ್ ಸಾಕ್ಷಿ ಹಾಕಲಿ. ಇದಕ್ಕೆ ಸಚಿವ ಸಂಪುಟದ ಒಪ್ಪಿಗೆ ಬೇಕಿಲ್ಲ, ಡಿಎಚ್‌ಒ ಮಟ್ಟದ ಒಂದು ಜ್ಞಾಪನ ಸಾಕು. ವರ್ಗಾವಣೆಯ ಆಕ್ಷೇಪ ಎತ್ತಿದ ನಿವೃತ್ತ ಡಿಎಚ್‌ಒ ಒಬ್ಬರಿಗೆ ಇದನ್ನು ಹೇಳಿದೆ. ಪಟ್ಟಿಯ ನಮೂನೆ ಬದಲಿಸಲು ಲೆಕ್ಕಪತ್ರ ಶಾಖೆ ಒಪ್ಪುವುದಿಲ್ಲ ಎಂದರು. ಆ ಶಾಖೆಯವರ ಆಕ್ಷೇಪವೂ ಬರಲಿ, ಉತ್ತರಿಸೋಣ.